ಸಾಣೇಹಳ್ಳಿಯಲ್ಲಿ ಕಲಿತವರು

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನಾಟಕ ಕಲಿಯಲೆಂದು ಬರುವ ಹುಡುಗ ಹುಡುಗಿಯರ ಕಣ್ಣಲ್ಲಿ ಸಾಮಾನ್ಯವಾಗಿ ಒಂದೇ ಆಸೆ: ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಲ್ಲಬೇಕು. ಅಲ್ಲಿಗೆ ಮುಟ್ಟುವ ಮೊದಲು ದಾಟಬೇಕಾದದ್ದು ಬಹಳವಿದೆ. ಬೆಳಗಿನ ಪ್ರಾರ್ಥನೆ, ವಚನಗಾಯನ, ಶ್ರಮದಾನ, ಆಮೇಲೆ ಪಾಠ, ತಾಲೀಮು. ನಟಿಸುವವರೇ ಸೆಟ್ ಕಟ್ಟಬೇಕು, ದೀಪ ಏರಿಸಬೇಕು, ಉಡುಪು ಹೊಲಿಯಲು ಕೂರಬೇಕು. ಇವತ್ತು ರಾಜನಾದವನು ನಾಳೆ ಪರದೆ ಎಳೆಯುತ್ತಾನೆ. ಅದರಿಂದ ತನಗೆ ಅವಮಾನವಾಯಿತೆಂದು ಅವನಿಗೆ ಅನ್ನಿಸದಿದ್ದರೆ ಅರ್ಧ ಕಲಿಕೆ ಮುಗಿದಂತೆ.

ಇಲ್ಲಿನ ಶಿವಕುಮಾರ ರಂಗಪ್ರಯೋಗಶಾಲೆ ಶುರುವಾದದ್ದು 2008ರಲ್ಲಿ, ಒಂದು ವರ್ಷದ ಡಿಪ್ಲೊಮಾ ಶಿಕ್ಷಣವಾಗಿ. ಅದರ ಬೇರು ಇನ್ನೂ ಹಳೆಯದು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ತಾವೇ ನಾಟಕ ಬರೆದು, ಶಾಲೆಯ ಮಕ್ಕಳಿಂದ ಆಡಿಸಿದವರು. ಅವರ ಶಿಷ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಸಾಣೇಹಳ್ಳಿಯಲ್ಲಿ 1987ರಲ್ಲಿ ಗುರುವಿನ ಹೆಸರಿನಲ್ಲೇ ಕಲಾಸಂಘ ಕಟ್ಟಿದರು. 1997ರಲ್ಲಿ ಶಿವಸಂಚಾರ ಎಂಬ ತಿರುಗಾಡುವ ರೆಪರ್ಟರಿ ಹುಟ್ಟಿತು. ರಂಗನಿರ್ದೇಶಕ ಸಿ.ಜಿ.ಕೆ. ಜೊತೆಗೂಡಿದ ಮೇಲೆ ಗ್ರೀಕ್ ಮಾದರಿಯ ಬಯಲು ರಂಗಮಂದಿರವೂ ಬಂತು. ಹೆಗ್ಗೋಡಿನ ನೀನಾಸಮ್ ಹೆಸರು ಕೇಳದ ಓದುಗರು ಕಡಿಮೆ. ನಮ್ಮ ಒಣಸೀಮೆಯ ಈ ಊರಿಗೆ ಅಷ್ಟು ಮಾತು ಸಂದಿಲ್ಲವೆಂಬುದು ನನಗೆ ಬಹುದಿನದ ಬೇಸರ.

ಸಾಣೇಹಳ್ಳಿಯ ದಿನಚರಿ ನೋಡಿದಾಗ ನನಗೆ ದೂರದ ಇನ್ನೊಂದು ಕಲಿಕೆಯ ಜಾಗ ನೆನಪಾಗುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಅರ್ಲ್‌ಹ್ಯಾಮ್ ಎಂಬ ಪುಟ್ಟ ಕಾಲೇಜಿದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1847ರಲ್ಲಿ ಶಾಲೆಯಾಗಿ ತೆರೆದು ಮುಂದೆ ಕಾಲೇಜು ಮಾಡಿದ್ದು. ಎಲ್ಲರೂ ಸುಮ್ಮನೆ ಒಟ್ಟಿಗೆ ಕೂರುವುದು, ಕೈಯೆತ್ತಿಸಿ ಎಣಿಸುವ ಬದಲು ಒಮ್ಮತ ಬರುವವರೆಗೂ ಮಾತಾಡುವುದು, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿನ ರೂಢಿ. ಕೊನೆಯದನ್ನು ನಮ್ಮ ಮನೆಗಳಲ್ಲಿ ಯಾರೂ ಒಪ್ಪಲಿಕ್ಕಿಲ್ಲ. ಆದರೂ ನಂಬಿದ್ದನ್ನು ಪಾಠ ಹೇಳಿ ಮುಗಿಸದೆ ದಿನಚರಿಯಲ್ಲೇ ಬದುಕಿಸಬೇಕೆಂಬ ಹಟ ಎರಡೂ ಕಡೆ ಒಂದೇ. ಅವರಿಗೆ ಅದು ಸರಳತೆ ಮತ್ತು ಸಮಾನತೆ. ಸಾಣೇಹಳ್ಳಿಯಲ್ಲಿ ಕಾಯಕ ಮತ್ತು ದಾಸೋಹ. ಪಕ್ಕದ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲೂ ರಾಘವೇಂದ್ರ ಸ್ವಾಮೀಜಿ, ನಮ್ಮೆಲ್ಲರ 'ತಿರುಕ', 1943ರಿಂದ ಜೋಳಿಗೆ ಹಿಡಿದು ಇಂಥದೇ ಆಶ್ರಮ ಕಟ್ಟಿದರು.

ಸಾಣೇಹಳ್ಳಿಯ ವಿದ್ಯಾರ್ಥಿಗೆ ನಿಜವಾದ ಪರೀಕ್ಷೆ ತಿರುಗಾಟ. ಪ್ರತಿ ವರ್ಷ ಮೂರು ನಾಟಕ ಸಿದ್ಧವಾಗಿ, ನವೆಂಬರಿನ ನಾಟಕೋತ್ಸವದಲ್ಲಿ ಮೊದಲು ರಂಗಕ್ಕೇರಿ, ಆಮೇಲೆ ಶಿವಸಂಚಾರದ ತಂಡದೊಂದಿಗೆ ನಾಡು ಸುತ್ತಲು ಹೊರಡುತ್ತವೆ. ಇಲ್ಲಿ ಕಲಿತು ಆ ತಂಡ ಸೇರಿದವರಿಗೆ ಊರೂರಿಗೂ ಹೊಸ ಪಾಠ. ಒಂದು ಊರಲ್ಲಿ ಒಳ್ಳೆಯ ಸಭಾಂಗಣ, ಮರುದಿನ ಶಾಲೆಯ ಮೈದಾನ. ಹಿಂದಿನ ಸಾಲಿನವರೆಗೆ ದನಿ ಮುಟ್ಟಿಸಬೇಕು, ನಡುವೆ ಕರೆಂಟು ಹೋದರೆ ಗಾಬರಿಯಾಗದೆ ಪಾತ್ರದಲ್ಲೇ ನಿಲ್ಲಬೇಕು. ಆಟ ಮುಗಿದ ಮೇಲೆ ಚಪ್ಪಾಳೆಯ ಗುಂಗಿನಲ್ಲಿ ಕೂರುವಂತಿಲ್ಲ, ಸೆಟ್ ಬಿಚ್ಚಿ ಗಾಡಿಗೆ ತುಂಬಬೇಕು. ಜಗಳವಾಡಿದವನ ಜೊತೆಗೇ ಮರುದಿನ ಅಣ್ಣತಮ್ಮಂದಿರ ದೃಶ್ಯ ಮಾಡಬೇಕಾಗುತ್ತದೆ. ತಂಡ ಚಿಕ್ಕದು, ಮುನಿಸಿಕೊಂಡು ಅಡಗಿ ಕೂರಲು ಅಲ್ಲಿ ಜಾಗವಿಲ್ಲ. ಬೇರೆ ಬೇರೆ ಜಾತಿ, ಜಿಲ್ಲೆ, ಮಾತಿನ ಧಾಟಿಯಿಂದ ಬಂದವರು ಒಂದೇ ಪಂಕ್ತಿಯಲ್ಲಿ ಉಂಡು ಕಲಿಯುವುದನ್ನು ನೂರಾರು ಮಕ್ಕಳ ಕಾಲೇಜು ಕಲಿಸಲಾರದು.

2019ರ ಆಗಸ್ಟಿನಲ್ಲಿ ವಚನಕಾರರ ಆಶಯಗಳನ್ನು ಜನರ ಮುಂದಿಡಲು ಪಂಡಿತಾರಾಧ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ಹೊರಟ 'ಮತ್ತೆ ಕಲ್ಯಾಣ' ಅಭಿಯಾನ ಜಿಲ್ಲೆ ಜಿಲ್ಲೆ ಸುತ್ತಿದಾಗ ವಿದ್ಯಾರ್ಥಿಗಳ ಜೊತೆ ಸಂವಾದವಿತ್ತು, ನಾಟಕವೂ ಇತ್ತು. ಕಾವಿ ತೊಟ್ಟವರೆದುರು ಮಕ್ಕಳು ಎದ್ದುನಿಂತು ಪ್ರಶ್ನೆ ಕೇಳುವುದು ನಮ್ಮಲ್ಲಿ ಅಪರೂಪ. ವಚನಕಾರರ ಬಗ್ಗೆ ನೂರು ಭಾಷಣ ಮಾಡುವುದಕ್ಕಿಂತ ಅಂಥದೊಂದು ಮಧ್ಯಾಹ್ನವೇ ಹೆಚ್ಚು ಎನ್ನುವವಳು ನಾನು.

ಕಲಿತವರ ಮುಂದಿನ ದಾರಿ ಮಾತ್ರ ಸಲೀಸಲ್ಲ. ಕೆಲವರಿಗೆ ರೆಪರ್ಟರಿ, ಕೆಲವರಿಗೆ ಧಾರಾವಾಹಿ. ಉಳಿದವರಿಗೆ ಬೇಸಿಗೆ ಶಿಬಿರಗಳ ಗೌರವಧನ. ಹಿರಿಯೂರು, ಚಿತ್ರದುರ್ಗದ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆಯಿದ್ದ ಹಾಗೆ ಪ್ರತಿ ಶಾಲೆಯಲ್ಲೂ ನಾಟಕ ಶಿಕ್ಷಕರ ಹುದ್ದೆ ಯಾಕಿರಬಾರದು? ಸರ್ಕಾರ ಈ ಡಿಪ್ಲೊಮಾವನ್ನು ನೇಮಕಾತಿಯಲ್ಲಿ ಗಟ್ಟಿಯಾಗಿ ಪರಿಗಣಿಸಲಿ. ಹೊಸ ಹುದ್ದೆಗಳು ಈ ಜಿಲ್ಲೆಯಿಂದಲೇ ಶುರುವಾಗಲಿ.