ನಾಲ್ಕಕ್ಕೆ ಮೂರು ಎಂದರೆ ಎಪ್ಪತ್ತೈದಲ್ಲ

ನನ್ನ ಮಗಳು ಓದುವ ಶಾಲೆಯಲ್ಲಿ ನೂರಕ್ಕೆ ಇಷ್ಟು ಎಂಬ ಲೆಕ್ಕವೇ ಇಲ್ಲ. ಬಾಸ್ಟನ್ ಹತ್ತಿರದ ಚಿಕ್ಕ ಶಾಲೆ ಅದು. ಎಂಟನೇ ಕ್ಲಾಸಿನ ರಿಪೋರ್ಟ್ ಕಾರ್ಡಿನಲ್ಲಿ ಪ್ರತಿ ವಿಷಯದ ಕೆಳಗೆ ಕಲಿಯಬೇಕಾದ ನಾಲ್ಕೈದು ಸಂಗತಿಗಳು, ಒಂದೊಂದರ ಮುಂದೆ 1ರಿಂದ 4ರೊಳಗಿನ ಒಂದು ಅಂಕಿ, ಕೊನೆಗೆ ಮೇಡಂ ಬರೆದ ಒಂದು ಪ್ಯಾರಾ. ಹಾಸನದಲ್ಲಿರುವ ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಸ್‌ಎಸ್‌ಎಲ್‌ಸಿಯ 625ರ ಲೆಕ್ಕದಲ್ಲೇ ಮಕ್ಕಳನ್ನು ನೋಡಿದವರು. ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದ ಮೇಲೂ, 'ಅದೆಲ್ಲ ಸರಿಯಮ್ಮಾ, ಒಟ್ಟು ಎಷ್ಟು ಪರ್ಸೆಂಟು?' ಎಂದು ಕೇಳುತ್ತಾರೆ.

ಒಂಬತ್ತನೇ ಕ್ಲಾಸಿಗೆ ಬೋರ್ಡಿಂಗ್ ಶಾಲೆ ಸೇರುತ್ತೇನೆಂದು ಮಗಳು ಹಟ ಹಿಡಿದ ಮೇಲೆ ಈ ಪ್ರಶ್ನೆ ನಮ್ಮ ಪರಿಚಯದ ಮನೆಗಳಲ್ಲೂ ಎದ್ದಿತು. ಹಲವರು ಕೊಟ್ಟ ಸಲಹೆ ಒಂದೇ: 3 ಬಂದಿದ್ದರೆ ನಾಲ್ಕರಿಂದ ಭಾಗಿಸಿ, 75 ಎಂದು ಬರೆಯಿರಿ. ದಯವಿಟ್ಟು ಯಾವ ತಂದೆತಾಯಿಯೂ ಹೀಗೆ ಮಾಡಬಾರದು. ಈ ಪದ್ಧತಿಯಲ್ಲಿ 3 ಎಂದರೆ ಆ ತರಗತಿಯಲ್ಲಿ ಕಲಿಯಬೇಕಾದದ್ದನ್ನು ಮಗು ಪೂರ್ತಿ ಕಲಿತಿದೆ ಎಂದು. 4 ಸಿಗುವುದು ಅದನ್ನೂ ಮೀರಿ ಹೋದಾಗ, ಅಪರೂಪಕ್ಕೆ. ಅಮೆರಿಕದಲ್ಲಿ 75 ಎಂದರೆ ಸಾಮಾನ್ಯವಾಗಿ ಸಿ ಗ್ರೇಡು. ಪಾಠವನ್ನೆಲ್ಲ ಚೆನ್ನಾಗಿ ಕಲಿತ ಮಗುವಿಗೆ ಹೆತ್ತವರೇ ಸಿ ಹಚ್ಚಿ ಕಳಿಸಿದಂತಾಗುತ್ತದೆ.

ನಮ್ಮಲ್ಲೂ ಇಂಥದ್ದು ನಡೆದಿದೆ. ಸಿಬಿಎಸ್‌ಇ 2009ರಲ್ಲಿ ನಿರಂತರ ಮೌಲ್ಯಮಾಪನ ತಂದು ಹತ್ತನೇ ತರಗತಿಗೆ ಗ್ರೇಡು ಕೊಡತೊಡಗಿದಾಗ, ಸರಾಸರಿ ಗ್ರೇಡ್ ಪಾಯಿಂಟನ್ನು 9.5ರಿಂದ ಗುಣಿಸಿದರೆ ಅಂದಾಜು ಶೇಕಡಾ ಸಿಗುತ್ತದೆ ಎಂದು ಹೇಳಿತ್ತು. ಆ ಸೂತ್ರಕ್ಕೆ ಬೆಲೆ ಇದ್ದದ್ದು ಅದನ್ನು ಕೊಟ್ಟದ್ದು ಮಂಡಳಿಯೇ ಆದ್ದರಿಂದ. ಅಳೆದವರೇ ಅಳತೆಯ ಅರ್ಥ ಹೇಳಬೇಕು.

ಇಲ್ಲಿ ಆ ಕೆಲಸಕ್ಕೆ ಒಂದು ಕಾಗದವಿದೆ. ಅಂಕಪಟ್ಟಿಯ ಜೊತೆ ಶಾಲೆ ತನ್ನದೇ ಒಂದು ಪರಿಚಯ ಪತ್ರ ಕಳಿಸಬಹುದು. ತರಗತಿಯಲ್ಲಿ ಎಷ್ಟು ಮಕ್ಕಳು, ಗಣಿತದಲ್ಲಿ ಎಲ್ಲಿಯವರೆಗೆ ಕಲಿಸುತ್ತಾರೆ, ಒಂದೊಂದು ಅಂಕಿಗೆ ಏನರ್ಥ ಎಂಬುದೆಲ್ಲ ಅದರಲ್ಲಿರುತ್ತದೆ. ಚಿಕ್ಕ ಶಾಲೆಗಳಲ್ಲಿ ಇದು ಸಿದ್ಧವಾಗಿ ಇರಲಿಕ್ಕಿಲ್ಲ. ಬೇಸಿಗೆ ರಜೆ ಮುಗಿದ ಕೂಡಲೇ ಹೋಗಿ ಕೇಳುವುದು ಒಳ್ಳೆಯದು. ಅರ್ಜಿಯ ಕೊನೆಯ ದಿನ ಬಹಳಷ್ಟು ಶಾಲೆಗಳಲ್ಲಿ ಜನವರಿ ಮಧ್ಯಕ್ಕೇ ಬರುತ್ತದೆ.

ಅರ್ಜಿ ಓದುವವರು ಬೆಚ್ಚಿಬೀಳುತ್ತಾರೆಂಬ ಭಯವನ್ನೂ ಬಿಡಬಹುದು. ಅವರ ಮನೆಯ ಅಳತೆಯೇ ಬೇರೆ! 1778ರಲ್ಲಿ ಶುರುವಾದ ಫಿಲಿಪ್ಸ್ ಅಕಾಡೆಮಿ ಆಂಡೋವರ್‌ನಲ್ಲಿ ಗ್ರೇಡು ಸೊನ್ನೆಯಿಂದ ಆರರವರೆಗೆ. ಆರು ಅತ್ಯುತ್ತಮ, ಎರಡು ಬಂದರೆ ಪಾಸು. 1781ರ ಫಿಲಿಪ್ಸ್ ಎಕ್ಸೆಟರ್‌ನಲ್ಲಿ ಎ ಗ್ರೇಡಿಗೆ 11 ಪಾಯಿಂಟು. ಆ ಶಾಲೆಯಲ್ಲಿ 1930ರಿಂದ ಮಕ್ಕಳೂ ಶಿಕ್ಷಕರೂ ಒಂದೇ ದೊಡ್ಡ ಮೇಜಿನ ಸುತ್ತ ಕೂತು ಚರ್ಚಿಸುತ್ತ ಕಲಿಯುವ ಕ್ರಮವಿದೆ. ದಾನಿ ಎಡ್ವರ್ಡ್ ಹಾರ್ಕ್‌ನೆಸ್ ಹೆಸರಿನಲ್ಲೇ ಆ ಮೇಜನ್ನು ಕರೆಯುತ್ತಾರೆ. ಇಂಥ ಕಡೆ ಮಗು ಹೇಗೆ ಯೋಚಿಸುತ್ತದೆ, ಬೇರೆಯವರ ಮಾತು ಕೇಳುತ್ತದೆಯೇ ಎಂಬುದನ್ನು ತಿಳಿಯಲು ಮೇಡಂ ಬರೆದ ಆ ಪ್ಯಾರಾ, ಇಂಗ್ಲಿಷ್ ಮತ್ತು ಗಣಿತ ಶಿಕ್ಷಕರ ಶಿಫಾರಸು ಪತ್ರಗಳು, ಸಂದರ್ಶನ ಬೇಕೇ ಬೇಕು. ಶಿಫಾರಸು ಪತ್ರಗಳು ಗೋಪ್ಯ, ನಾವು ನೋಡುವಂತಿಲ್ಲ. ಹಾಗಿರುವುದೇ ಸರಿ ಎಂದು ನನಗನ್ನಿಸುತ್ತದೆ.

ಶಾಲೆಗೊಂದು ಅಳತೆ ಇರುವ ಕಡೆ ಎಲ್ಲರಿಗೂ ಒಂದೇ ಆದ ಅಳತೆ ಎಸ್‌ಎಸ್‌ಎಟಿ ಪರೀಕ್ಷೆ. ಕೆಲವು ಶಾಲೆಗಳು ಅದನ್ನು ಕಡ್ಡಾಯ ಮಾಡಿಲ್ಲ, ಆದರೂ ಅಂಕವಿಲ್ಲದ ಶಾಲೆಯ ಮಕ್ಕಳು ಬರೆಯುವುದು ಮೇಲು. ಎಂಟನೇ ತರಗತಿಯವರಿಗೆ ಗಣಿತ, ಓದು, ಪದಜ್ಞಾನ ಎಂಬ ಮೂರು ಭಾಗ, ಒಂದೊಂದಕ್ಕೂ 500ರಿಂದ 800, ಒಟ್ಟು 1500ರಿಂದ 2400. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಟ್ಟರೆ ನಷ್ಟವಿಲ್ಲ. ಮಗು ಬರೆದ ಪ್ರಬಂಧಕ್ಕೆ ಅಂಕವಿಲ್ಲ, ಅದು ಹಾಗೆಯೇ ಶಾಲೆಗಳಿಗೆ ಹೋಗುತ್ತದೆ. ಪರ್ಸೆಂಟೈಲ್ 60 ಎಂದು ಬಂದರೆ ಅದನ್ನು ನೂರಕ್ಕೆ ಅರವತ್ತು ಅಂಕ ಎಂದು ಓದಬೇಡಿ. ಇಂಥ ಶಾಲೆಗಳಿಗೇ ತಯಾರಾಗಿ ಬಂದ ಅದೇ ತರಗತಿಯ ಮಕ್ಕಳಲ್ಲಿ ನೂರಕ್ಕೆ ಅರವತ್ತು ಮಂದಿಗಿಂತ ನಿಮ್ಮ ಮಗು ಮುಂದಿದೆ ಎಂದು ಅರ್ಥ.

ವರ್ಷದ ಖರ್ಚು 60,000 ಡಾಲರ್ ದಾಟುವ ಶಾಲೆಗಳಿವು. ಹಣದ ನೆರವು ಬೇಕಾದವರು ಅದರ ಅರ್ಜಿಯನ್ನೂ ಜೊತೆಯಲ್ಲೇ ಹಾಕಬೇಕು. ಬಹುಪಾಲು ಶಾಲೆಗಳ ಉತ್ತರ ಮಾರ್ಚ್ 10ಕ್ಕೆ ಬರುತ್ತದೆ, ನಮ್ಮ ಒಪ್ಪಿಗೆ ಏಪ್ರಿಲ್ 10ರೊಳಗೆ ಹೋಗಬೇಕು. ಮಗಳ ಅರ್ಜಿ ಹೋಗಿದೆ, ಅವಳ 3ಗಳು 3ಗಳಾಗಿಯೇ ಹೋಗಿವೆ. ಅಪ್ಪನಿಗೆ ಈಗ ಅಂಕಿಗಳನ್ನು ಕೊನೆಗಿಟ್ಟು, ಮೇಡಂ ಬರೆದದ್ದನ್ನು ಕನ್ನಡದಲ್ಲಿ ಮೊದಲು ಹೇಳುತ್ತೇನೆ. ಗಣಿತದ ಮೇಷ್ಟ್ರಲ್ಲವೇ, 'ಉತ್ತರ ಸರಿ ಬಂದ ಮೇಲೂ ಇನ್ನೊಂದು ದಾರಿ ಹುಡುಕುತ್ತಾಳೆ' ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡರು.