ಹದಿನೇಳು ಇಂಚಿನ ಆಸೆಗೆ ಟೇಪು ಹಿಡಿದಾಗ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಒಂದು ಕಾರ್ ಶೋರೂಮನ್ನೇ ನೋಡಿದ ಹಾಗೆ. ಬೆಂಗಳೂರಿನವರು ಊಟಿ ಕಡೆಗೆ, ವಯನಾಡಿನವರು ಮೈಸೂರು ಕಡೆಗೆ. ಜುಲೈ ತಿಂಗಳಾದರೆ ಸೂರ್ಯಕಾಂತಿ ಹೊಲದ ಬದುವಿನಲ್ಲಿ ಸಾಲಾಗಿ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಟೀ ಅಂಗಡಿ ಮುಂದೆ ನಿಂತ ನಮ್ಮೂರ ಹುಡುಗರು ನೋಡುವುದು ಹೂವನ್ನಲ್ಲ, ಕಾರಿನಲ್ಲಿ ಬಂದವರನ್ನೂ ಅಲ್ಲ (ಸರಿ, ಸ್ವಲ್ಪ ನೋಡುತ್ತಾರೆ). ಅವರ ಕಣ್ಣು ಹೋಗುವುದು ಚಕ್ರಕ್ಕೆ. ‘ಲೋ, ಅದು ಹದಿನೇಳಿಂಚು ಕಣ್ಲಾ’ ಎಂದು ಒಬ್ಬ, ‘ಬುಡ್ಲಾ, ಹದಿನಾರು’ ಎಂದು ಇನ್ನೊಬ್ಬ. ವಾದ ಟೀ ಆರುವವರೆಗೂ ನಡೆಯುತ್ತದೆ.

ಈ ಹುಡುಗರ ಮೊಬೈಲ್ ವಾಲ್‌ಪೇಪರ್ ನೋಡಿ. ಮಸ್ಟಾಂಗ್, ಚಾರ್ಜರ್, ಕಮಾರೊ. ಅಮೆರಿಕದ ಮಸಲ್ ಕಾರುಗಳು. ನಮ್ಮ ದೇಶದಲ್ಲಿ ಆ ಗತ್ತಿಗೆ ಹತ್ತಿರ ಬಂದದ್ದೆಂದರೆ ಹಿಂದುಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸಾ. ಈಗ ಅದು ಕಂಡರೆ ಜನ ನಿಂತು ನೋಡುತ್ತಾರೆ. ಆದರೆ ವಾಲ್‌ಪೇಪರ್ ಹೇಳದ ಒಂದು ಸಂಗತಿ ಇದೆ. 1964ರಲ್ಲಿ ಮಸ್ಟಾಂಗ್ ಮಾರುಕಟ್ಟೆಗೆ ಬಂದಾಗ ಅದರ ಆರು ಸಿಲಿಂಡರ್ ಮಾದರಿಗೆ ಇದ್ದದ್ದು ಬರೀ 13 ಇಂಚಿನ ಚಕ್ರ! 2016ರಲ್ಲಿ ಭಾರತಕ್ಕೆ ಬಂದ ಮಸ್ಟಾಂಗ್‌ಗೆ 19 ಇಂಚು. ನಡುವಿನ ಐವತ್ತು ವರ್ಷಗಳಲ್ಲಿ ಚಕ್ರ ದೊಡ್ಡದಾದದ್ದು ಬರೀ ಅಂದಕ್ಕಲ್ಲ. ಎಂಜಿನ್ ಶಕ್ತಿ ಹೆಚ್ಚಿತು, ಅದನ್ನು ತಡೆಯಲು ಬ್ರೇಕ್ ಡಿಸ್ಕ್ ದೊಡ್ಡದಾಗಬೇಕಾಯಿತು, ಆ ಡಿಸ್ಕ್ ಒಳಗೆ ಕೂರಲು ರಿಮ್ ದೊಡ್ಡದಾಯಿತು. ನಾವು ಬ್ರೇಕನ್ನು ಇದ್ದಲ್ಲೇ ಬಿಟ್ಟು ರಿಮ್ ಮಾತ್ರ ಬೆಳೆಸುತ್ತೇವೆ.

ನಮ್ಮ ದೊಡ್ಡಪ್ಪನ ಮಗ ಚಾಮರಾಜನಗರದಲ್ಲಿ ಹಳದಿ ಬೋರ್ಡಿನ ಸೆಕೆಂಡ್ ಹ್ಯಾಂಡ್ ಡಿಸೈರ್ ತೆಗೆದುಕೊಂಡ. ಡಿಗ್ರಿ ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾಗಿ, ಸಾಲ ಮಾಡಿ ಟ್ಯಾಕ್ಸಿಗೆ ಇಳಿದವನು. ಗಾಡಿ ಬಂದ ವಾರದಲ್ಲೇ ಅಲಾಯ್ ಹಾಕಿಸುವ ಮಾತು ಶುರುವಾಯಿತು. ಅಂಗಡಿಯವನೊಬ್ಬ ‘17 ಇಂಚು ಆರಾಮಾಗಿ ಕೂರುತ್ತೆ, ಕಂತಿನಲ್ಲಿ ಕೊಡಿ’ ಎಂದಿದ್ದನಂತೆ. ಅಣ್ಣ ಡಿಪ್ಲೊಮಾ ಓದುತ್ತಿರುವ ನನ್ನನ್ನು ಕೇಳಿದ. ಅವನ ಷರತ್ತು ಒಂದೇ: ಗಾಡಿಯ ಎತ್ತರ ಕಂಪನಿ ಕೊಟ್ಟಷ್ಟೇ ಇರಬೇಕು. ಸ್ಪ್ರಿಂಗ್ ಕತ್ತರಿಸಿ ಇಳಿಸುವುದೂ ಬೇಡ, ಸ್ಪೇಸರ್ ಇಟ್ಟು ಏರಿಸುವುದೂ ಬೇಡ. ಅಂದ ಮಾತ್ರ ಬೇಕು. ಒಳ್ಳೆಯ ಷರತ್ತೇ. ನಾವಿಬ್ಬರೂ ಅವತ್ತು ರಾತ್ರಿ ಪೆನ್ನು, ಕಾಗದ, ಅಮ್ಮನ ಹೊಲಿಗೆ ಟೇಪು ಹಿಡಿದು ಕುಳಿತೆವು.

ಟೈರಿನ ಮೈಮೇಲೆ 165/80 R14 ಎಂದು ಬರೆದಿತ್ತು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಆ ಅಗಲದ ಶೇಕಡಾ ಎಷ್ಟು ಎತ್ತರವಿದೆ ಎಂಬುದು. 165ರ ಶೇ 80 ಎಂದರೆ 132 ಮಿ.ಮೀ. R ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಕಲಸಿಟ್ಟ ಮಹಾನುಭಾವ ಯಾರೋ! ಇರಲಿ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 264 ಮಿ.ಮೀ. ರಿಮ್ 14 ಇಂಚನ್ನು 25.4ರಿಂದ ಗುಣಿಸಿದರೆ 355.6. ಕೂಡಿದರೆ ಚಕ್ರದ ಪೂರ್ತಿ ವ್ಯಾಸ ಸುಮಾರು 620 ಮಿ.ಮೀ.

ಈ 620ನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮಿಕ್ಕಿದ್ದೆಲ್ಲ ಸುಲಭ. ಕಂಪನಿಯೇ ಇದನ್ನು ಹೇಗೆ ಪಾಲಿಸಿದೆ ನೋಡಿ. ಇದೇ ಡಿಸೈರ್‌ನ ದುಬಾರಿ ಮಾದರಿಗೆ ಬರುವುದು 185/65 R15. ಲೆಕ್ಕ ಹಾಕಿದರೆ 621.5. ರಿಮ್ ಒಂದು ಇಂಚು ಬೆಳೆಯಿತು, ಒಟ್ಟು ವ್ಯಾಸ ಎರಡು ಮಿಲಿಮೀಟರ್ ಕೂಡ ಹೆಚ್ಚಲಿಲ್ಲ. ಬೆಳೆದ ಇಂಚು ಎಲ್ಲಿಂದ ಬಂತು? ಸೈಡ್‌ವಾಲಿನಿಂದ. 132 ಇದ್ದದ್ದು 120 ಆಯಿತು. 16 ಇಂಚಿಗೆ ಹೋದರೆ 195/55 R16 ಸರಿಹೊಂದುತ್ತದೆ, ವ್ಯಾಸ 621, ಗೋಡೆ 107. 17ಕ್ಕೆ 205/45 ಹಾಕಿದರೆ ವ್ಯಾಸ 616, ಗೋಡೆ ಬರೀ 92. ಕಾಗದದ ಮೇಲೆ ಅಂಗಡಿಯವನು ಹೇಳಿದ್ದು ಸುಳ್ಳಲ್ಲ, 17 ಇಂಚಿನಲ್ಲೂ ಗಾಡಿಯ ಎತ್ತರ ಬಹುತೇಕ ಹಾಗೇ ಇರುತ್ತದೆ. ಆದರೆ ರಸ್ತೆಗೂ ರಿಮ್ಮಿಗೂ ನಡುವೆ ಇದ್ದ ಗಾಳಿ-ರಬ್ಬರಿನ ಮೆತ್ತೆಯಲ್ಲಿ 40 ಮಿ.ಮೀ. ಮಾಯ.

ಆ ಮೆತ್ತೆಯ ಬೆಲೆ ನಮ್ಮ ಕಡೆ ರಸ್ತೆಗಳಲ್ಲಿ ಗೊತ್ತಾಗುತ್ತದೆ. ಬಂಡೀಪುರದೊಳಗೆ ಕಾಡುಪ್ರಾಣಿಗಳಿಗಾಗಿ ಹಾಕಿರುವ ಹಂಪ್‌ಗಳು ಒಂದರ ಹಿಂದೊಂದು. ಚಾಮರಾಜನಗರದಿಂದ ಹಾಸನೂರು ದಾಟಿ ಸತ್ಯಮಂಗಲಕ್ಕೆ ಇಳಿದರೆ ದಿಂಬಂ ಘಾಟಿಯ 27 ತಿರುವು. ಮಸಿನಗುಡಿ ಮೇಲೆ ಊಟಿಗೆ ಹೋದರೆ ಕಲ್ಲಟ್ಟಿಯ 36 ತಿರುವು. ಮಳೆ ಹಿಡಿದರೆ ಹಳ್ಳಿ ರಸ್ತೆಯ ಗುಂಡಿಗೆ ಆಳ ಎಷ್ಟೆಂದು ಇಳಿದ ಮೇಲೇ ತಿಳಿಯುವುದು. ಗೋಡೆ ತೆಳುವಿದ್ದಷ್ಟೂ ಗುಂಡಿಯ ಏಟು ನೇರ ರಿಮ್ಮಿಗೆ. ಒಂದೋ ಅಲಾಯ್ ಬಿರುಕು ಬಿಡುತ್ತದೆ, ಇಲ್ಲ ಟೈರಿನ ಪಕ್ಕ ಒಳಗಿನ ದಾರ ಹರಿದು ಬೋಂಡಾದಂತೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ಬಿಸಾಡಬೇಕು. ನಾವು ಕೇಳಲು ಹೋದ ಪಂಚರ್ ಅಂಗಡಿಯ ಅಣ್ಣ ನನ್ನ ಕಾಗದವನ್ನು ನೋಡಲೇ ಇಲ್ಲ. ‘ಕಬ್ಬಿಣದ ಡಿಸ್ಕ್ ಬೆಂಡಾದ್ರೆ ಸುತ್ತಿಗೇಲಿ ಹೊಡ್ದು ಕಳಿಸ್ತೀನಿ ತಮ್ಮಾ. ಅಲಾಯ್ ಸೀಳ್ತು ಅಂದ್ರೆ ನನ್ ಕೈಲಿ ಏನೂ ಇಲ್ಲ ಕಣಪ್ಪ’ ಎಂದ. ನಾನು ಎರಡು ಪುಟದಲ್ಲಿ ಹಾಕಿದ್ದ ಲೆಕ್ಕ ಅದೇ.

ವ್ಯಾಸದ ಲೆಕ್ಕ ತಪ್ಪಿದರೆ ಟ್ಯಾಕ್ಸಿಯವನಿಗೆ ಇನ್ನೊಂದು ಹೊಡೆತವಿದೆ. ಚಕ್ರ ದಪ್ಪ ಕಾಣಲಿ ಎಂದು ಕೆಲವರು 15 ಇಂಚಿನ ರಿಮ್ಮಿಗೆ 205/65 ಹಾಕಿಸುತ್ತಾರೆ. ವ್ಯಾಸ 647.5 ಆಗುತ್ತದೆ, ಶೇ 4ಕ್ಕಿಂತ ಹೆಚ್ಚು. ಮೀಟರು ಎಣಿಸುವುದು ಚಕ್ರದ ಸುತ್ತುಗಳನ್ನು. ಟೈರ್ ಬದಲಾದದ್ದು ಅದಕ್ಕೆ ಗೊತ್ತಿಲ್ಲ. ನಿಜವಾಗಿ 300 ಕಿ.ಮೀ. ಓಡಿದರೆ ಮೀಟರು ಸುಮಾರು 288 ತೋರಿಸುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಪಡೆಯುವವನಿಗೆ ಒಂದು ಟ್ರಿಪ್ಪಿಗೆ 12 ಕಿ.ಮೀ. ಪುಕ್ಕಟೆ ಸೇವೆ! ವೇಗವೂ ಹಾಗೇ, ಮುಳ್ಳು 80ರಲ್ಲಿದ್ದಾಗ ಗಾಡಿ 83ರ ಮೇಲೆ ಓಡುತ್ತಿರಬಹುದು. ಉಲ್ಟಾ, 195/50 R16 ಹಾಕಿದರೆ ವ್ಯಾಸ 601ಕ್ಕೆ ಇಳಿದು 300 ಕಿ.ಮೀ. ಪಯಣ ಮೀಟರಿನಲ್ಲಿ 309 ಆಗುತ್ತದೆ. ಆಗ ನಷ್ಟ ಗಿರಾಕಿಗೆ. ಮೊಬೈಲ್ ಮ್ಯಾಪ್ ಹಿಡಿದು ಕೂತ ಗಿರಾಕಿ ಸುಮ್ಮನಿರುತ್ತಾನೆಯೇ?

ಅಗಲದ ವಿಷಯಕ್ಕೂ ಟೇಪು ಬೇಕು. ರಿಮ್ಮಿನ ಒಳಗೆ ‘ಇಟಿ’ ಎಂದು ಒಂದು ಅಂಕಿ ಇರುತ್ತದೆ. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಅಂಟುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದರ ಅಳತೆ ಅದು, ಆಫ್‌ಸೆಟ್. ಒಂದು ಉದಾಹರಣೆ: 5 ಇಂಚು ಅಗಲದ, ಇಟಿ 45ರ ರಿಮ್ ತೆಗೆದು 7 ಇಂಚು ಅಗಲದ, ಇಟಿ 35ರದ್ದನ್ನು ಹಾಕಿದಿರಿ ಎನ್ನಿ. ಹೆಚ್ಚಿದ ಎರಡು ಇಂಚಿನಲ್ಲಿ ಹೊರಗೊಂದು, ಒಳಗೊಂದು. ಆಫ್‌ಸೆಟ್ 10 ಮಿ.ಮೀ. ಕಡಿಮೆಯಾದ್ದರಿಂದ ಪೂರ್ತಿ ಚಕ್ರ ಅಷ್ಟು ಹೊರಗೆ ಸರಿಯುತ್ತದೆ. ಒಟ್ಟು ಹೊರಗಿನ ಅಂಚು 35 ಮಿ.ಮೀ. ಆಚೆ, ಒಳಗಿನ ಅಂಚು 15 ಮಿ.ಮೀ. ಒಳಗೆ. ಖಾಲಿ ಗಾಡಿಯಲ್ಲಿ ಏನೂ ತಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್ ಇಟ್ಟು ಘಾಟಿಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ಒಳಗಿನಿಂದ ಕರ್ರ್ ಎಂದು ಸದ್ದು ಬರುತ್ತದೆ. ಎತ್ತರ ಬದಲಿಸದ ಗಾಡಿಯಲ್ಲಿ ಜಾಗ ಇರುವುದೇ ಅಷ್ಟು. ಹೊರಗೆ ಚಾಚಿದ ಚಕ್ರ ಬೇರಿಂಗನ್ನೂ ಬೇಗ ಸವೆಸುತ್ತದೆ. ಜೊತೆಗೆ ಬೋಲ್ಟ್ ವೃತ್ತದ ಅಳತೆ, ನಡುವಿನ ರಂಧ್ರದ ಅಳತೆ ಎರಡೂ ಕೂಡಬೇಕು. ಡಿಸೈರ್‌ಗೆ 4 ಬೋಲ್ಟ್, 100 ಮಿ.ಮೀ. ವೃತ್ತ. ಹತ್ತಿರ ಇದೆ ಎಂದು ಕೂರಿಸುವ ವಿಷಯ ಅಲ್ಲ ಇದು.

ಟೈರಿನ ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಕೇಳುವವರು ಕಡಿಮೆ. 85 ಎಂದಿದ್ದರೆ ಆ ಒಂದು ಟೈರ್ ಹೊರಬಲ್ಲ ಭಾರ 515 ಕೆ.ಜಿ. 88 ಇದ್ದರೆ 560, 84 ಇದ್ದರೆ 500. ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿನ ಅಂಕಿಯನ್ನು ಟ್ಯಾಕ್ಸಿಗೆ ಹಾಕಲೇಬಾರದು ಎಂಬುದು ನನ್ನ ಖಡಕ್ ಅಭಿಪ್ರಾಯ.

ಇನ್ನು ಕಾನೂನು. ಕಂಪನಿ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ ₹5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಕೆಎ-10ರ ಹಳದಿ ಬೋರ್ಡಿನವನು ಎಫ್‌ಸಿಗೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಲೇಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಯನ್ನೇ. ಕಂಪನಿಯೇ ಅದೇ ಮಾದರಿಯ ಬೇರೆ ಶ್ರೇಣಿಗೆ ಕೊಟ್ಟಿರುವ ಅಳತೆಯೊಳಗೆ ಇದ್ದುಬಿಟ್ಟರೆ ವಾದ ಮಾಡುವ ಪ್ರಸಂಗ ಕಡಿಮೆ. ಆ ಅಳತೆಗಳು, ಗಾಳಿಯ ಒತ್ತಡ ಎಲ್ಲ ಚಾಲಕನ ಬಾಗಿಲು ತೆರೆದರೆ ಕಾಣುವ ಸ್ಟಿಕರ್‌ನಲ್ಲಿ, ಗಾಡಿಯ ಕೈಪಿಡಿಯಲ್ಲಿ ಇರುತ್ತವೆ.

ಅಣ್ಣನಿಗೆ ನಾನು ಹೇಳಿದ್ದು 15 ಇಂಚು, 185/65, ಅದಕ್ಕಿಂತ ಮೇಲೆ ಬೇಡ ಎಂದು. ಮುಖ ಸಪ್ಪೆ ಮಾಡಿದ. ‘ಒಂದೇ ಇಂಚಾ?’ ಎಂದ. ಅವನನ್ನು ಒಪ್ಪಿಸಿದ್ದು ನನ್ನ ಗಣಿತವಲ್ಲ, ಸ್ಟೆಪ್ನಿ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಊಟಿಯಿಂದ ಗಿರಾಕಿಗಳನ್ನು ಕರೆದುಕೊಂಡು ಬರುವಾಗ ರಾತ್ರಿ ಎಂಟೂವರೆಗೆ ಕಾಡಿನ ನಡುವೆ ಟೈರ್ ಒಡೆದರೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಲು ಉಳಿಯುವುದು ಅರ್ಧ ಗಂಟೆ. ಆನೆ ಓಡಾಡುವ ಜಾಗದಲ್ಲಿ ಇಳಿದು ಚಕ್ರ ಬದಲಿಸುವುದೇ ಎದೆ ನಡುಗಿಸುವ ಕೆಲಸ. 185/65 R15 ಹಾಕಿದರೆ ಡಿಕ್ಕಿಯಲ್ಲಿರುವ ಹಳೆಯ 14 ಇಂಚಿನ ಕಬ್ಬಿಣದ ಡಿಸ್ಕೇ ಸ್ಟೆಪ್ನಿಯಾಗುತ್ತದೆ, ವ್ಯಾಸದ ವ್ಯತ್ಯಾಸ ಎರಡು ಮಿಲಿಮೀಟರ್. ನಿಧಾನವಾಗಿ ಊರು ಸೇರಬಹುದು. 205/65 ಹಾಕಿಸಿ 14ರ ಸ್ಟೆಪ್ನಿ ಇಟ್ಟುಕೊಂಡವನ ಗಾಡಿ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಒಂದು ಎಚ್ಚರ ಮಾತ್ರ: ಅಲಾಯ್‌ಗೆ ಬೇರೆ ನಟ್ ಕೊಟ್ಟಿದ್ದರೆ ಹಳೆಯ ಡಿಸ್ಕಿನ ನಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಪಕ್ಕದಲ್ಲೇ ಇಡಬೇಕು.

ಕೊನೆಗೆ ಅವನು ಮೈಸೂರಿನಲ್ಲಿ, ದುಬಾರಿ ಮಾದರಿಯ ಡಿಸೈರ್‌ನಿಂದ ಯಾರೋ ಬಿಚ್ಚಿ ಮಾರಿದ್ದ ಕಂಪನಿಯ 15 ಇಂಚಿನ ಅಲಾಯ್ ಹುಡುಕಿ ತಂದ. ಅವರು 17ಕ್ಕೆ ಹೋದರಂತೆ. ಟೈರ್ ಮಾತ್ರ ಹೊಸದು. ತೆಗೆದುಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ನೋಡಿ ಎಂದಿದ್ದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯವನು ಮೊದಲು ತೋರಿಸಿದ್ದು ಮೂರು ವರ್ಷ ಹಳೆಯ ಸರಕು. ಅಣ್ಣ ಅದನ್ನು ವಾಪಸ್ ಒಳಗಿಡಿಸಿ ಹೊಸದನ್ನೇ ತೆಗೆಸಿದ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಸಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೊರಟ ಗಾಡಿಯನ್ನು ಗುಂಡ್ಲುಪೇಟೆಯ ಟೀ ಅಂಗಡಿ ಮುಂದಿನ ಹುಡುಗರು ನೋಡಿದರಂತೆ. ‘ಹದಿನಾರು ಕಣ್ಲಾ’ ಎಂದು ಒಬ್ಬ ಹೇಳಿದ್ದು ಅವನ ಕಿವಿಗೆ ಬಿತ್ತು. ತಿದ್ದಲು ಅವನೇನೂ ಗಾಡಿ ನಿಲ್ಲಿಸಲಿಲ್ಲ.