ತಲಬಿನ ಹೊತ್ತು ದಾಟುವುದು



ಮರಾಠಿಯ 'ತಲಫ್' ನಮ್ಮ ಜತ್ತ ತಾಲೂಕಿನ ಕನ್ನಡದಲ್ಲಿ 'ತಲಬು'. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಗಡಿಯ ಎರಡೂ ಕಡೆ ಕಾನೂನು ಬಂತು; ತಲಬು ಹೋಗಲಿಲ್ಲ. ಏಕೆ?

ತಂಬಾಕಿನ ನಿಕೋಟಿನ್ ಒಂದು ಉತ್ತೇಜಕ ವಸ್ತು. ಅದು ಮೆದುಳಿನಲ್ಲಿ ಡೋಪಮೈನ್ ಎಂಬ ರಸವನ್ನು ಹೆಚ್ಚಿಸಿ, 'ಇದು ಮತ್ತೆ ಬೇಕು' ಎಂಬ ಪಾಠ ಕಲಿಸುತ್ತದೆ. ಅದರ ಅಂಶ ಇಳಿದೊಡನೆ ಸಿಡಿಮಿಡಿ, ಚಡಪಡಿಕೆ. ಒಂದು ಚಿಟಿಕೆ ಹಾಕಿದರೆ ಸಮಾಧಾನ. 'ತಂಬಾಕು ಸಿಟ್ಟು ಇಳಿಸಿತು' ಎಂದುಕೊಳ್ಳುತ್ತೀರಿ. ನಿಜವಾಗಿ ನೀವು ಕಟ್ಟಿದ್ದು ಹಳೆಯ ಸಾಲದ ಬಡ್ಡಿ ಮಾತ್ರ. ಅಸಲು ಹಾಗೇ ಇದೆ.

ಇದರ ಜೊತೆ ಮಳೆ ಕೈಕೊಟ್ಟ ಚಿಂತೆಯೋ, ಮನೆಯ ಜಗಳವೋ ಸೇರಿದರೆ, ಹಣೆಯ ಹಿಂದಿರುವ, ವಿವೇಚನೆ ಮಾಡುವ ಮೆದುಳಿನ ಭಾಗದ ಹಿಡಿತ ಸಡಿಲುತ್ತದೆ. ಮುಂಜಾನೆಯ ಆಣೆ ಸಂಜೆಗೆ ಮುರಿಯುವುದು ಹೀಗೆ. ಅದು ಗುಣಗೇಡಿತನವಲ್ಲ.

ಆದರೆ ತಲಬಿನ ಜೋರು ಬಹುಮಟ್ಟಿಗೆ ಐದು-ಹತ್ತು ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತನ್ನಷ್ಟೇ ದಾಟಿರಿ. ನೀರು ಕುಡಿಯಿರಿ, ಟಪರಿಯ ದಾರಿ ಬಿಟ್ಟು ನಡೆಯಿರಿ. ಸಿಟ್ಟು ಬಂದಾಗ ಏನು ಮಾಡಬೇಕೆಂಬುದನ್ನು ಶಾಂತವಿದ್ದಾಗಲೇ ಗೊತ್ತುಮಾಡಿಕೊಳ್ಳಿರಿ. ಬಿಡುವವರ ನೆರವಿಗೆ ಸರ್ಕಾರದ ಉಚಿತ ದೂರವಾಣಿಯಿದೆ: 1800-11-2356. ಬರೆದಿಟ್ಟುಕೊಳ್ಳಿರಿ.